ಮೊಳೆಯಿಲ್ಲದ ಪೆಟ್ಟಿಗೆ

ಶವಪೆಟ್ಟಿಗೆಯ ಅಡಿಗೆ ಕೈ ತೂರಿಸಿ ಜಸಿಂತಾ ಮೊಳೆ ಹುಡುಕುತ್ತಿದ್ದಳು.

ಎರಡು ಬೆಂಚುಗಳ ಮೇಲೆ ಪೆಟ್ಟಿಗೆ, ಅದರ ಕೆಳಗೆ ಮಂಡಿಯೂರಿ ಅವಳು. ಬೆರಳು ಹಲಗೆಯಿಂದ ಹಲಗೆಗೆ ಜಾರುತ್ತ ಹೋಯಿತು. ಸಿಕ್ಕಿದ್ದೆಲ್ಲ ಮರದ ಗೂಟ. ಗೇಣಿಗೊಂದರಂತೆ ಬಡಿದು, ತಲೆ ಕೊಯ್ದು, ಉಜ್ಜಿ ನುಣುಪು ಮಾಡಿದ ಗೂಟ. ಆದರೂ ಸಮಾಧಾನವಿಲ್ಲ. ಕಾಲಿನ ಕಡೆಯಿಂದ ಇನ್ನೊಂದು ಸಲ ಶುರು ಮಾಡಿದಳು.

“ಹೇನು ಹುಡುಕೋ ಹಾಗೆ ಹುಡುಕ್ತಿದೀಯಲ್ಲೇ,” ಎಂದ ಕ್ವಿರಿನೊ. “ಒಂದೇ ಒಂದು ಮೊಳೆ ಸಿಕ್ಕರೆ ತಗೊಂಡು ನನ್ನ ಹಣೆಗೆ ಹೊಡಿ.”

ಕ್ವಿರಿನೊಗೆ ಎಪ್ಪತ್ತರ ಹತ್ತಿರ. ಪೋರ್ತೊ ಬುಗಿಯೊ ಎಂಬ ಆ ಹೊಳೆದಂಡೆಯ ಊರಿನ ದೋಣಿಗಳೆಲ್ಲ ಅವನ ಕೈಯವೇ. ಹಲಗೆಗಳ ನಡುವಿನ ಸಂದಿಗೆ ನಾರು ತುಂಬಿ, ಕೊಡತಿಯಿಂದ ಬಡಿದು, ಮೇಲೆ ಬಿಸಿ ರಾಳ ಹೊಯ್ಯುವುದು ಅವನ ಕಸುಬು. ಪರಗ್ವಾಯ್ ಯುದ್ಧದ ಕಾಲದಲ್ಲಿ ಹಡಗಿನ ಮೇಲೂ ಅದನ್ನೇ ಮಾಡಿದ್ದ. ಒಳಕೋಣೆಯಲ್ಲಿ ಎದೆಯ ಮೇಲೆ ಕೈ ಜೋಡಿಸಿ ಮಲಗಿಸಿದ್ದ ಹೆಣ ಅದೇ ಹಡಗಿನಲ್ಲಿ ಅವನ ಜೊತೆಗಿದ್ದ ಬೆಲ್ಮಿರೊ, ಜಸಿಂತಾಳ ಅಪ್ಪ. ನಿನ್ನೆ ಮಧ್ಯಾಹ್ನ ಗಂಜಿ ಬೇಡವೆಂದು ಮುಖ ತಿರುಗಿಸಿದವನು ಮತ್ತೆ ಈ ಕಡೆ ತಿರುಗಲಿಲ್ಲ. ಆಗಿನಿಂದ ಕ್ವಿರಿನೊ ತನ್ನ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಒಬ್ಬನೇ ಕೆಲಸ ಮಾಡಿದ್ದ. ಬೆಳಿಗ್ಗೆ ಪೆಟ್ಟಿಗೆ ಹೊರಿಸಿಕೊಂಡು ಬಂದಾಗ ಅವನ ಕಣ್ಣು ಎರಡು ಕೆಂಡ.

ಜಸಿಂತಾ ಕೆಳಗಿಂದ ಎದ್ದು ಬಂದಳು. ಬೆರಳಿಗೆ ಕಪ್ಪು ಅಂಟಿತ್ತು. ಮೂಸಿದಳು.

“ಸಂದಿಗೂ ರಾಳ ಹಾಕಿದೀಯಾ ಮಾವ?”

“ಹಾಕದೆ? ನಾಲ್ಕೆಳೆ ನಾರು ತುಂಬಿದೀನಿ. ಹತ್ತು ವರ್ಷಕ್ಕೆ ಮೋಸ ಇಲ್ಲ.”

ಅವಳು ರಾಳದ ಕಪ್ಪು ಹಿಡಿದ ಅವನ ಕೈಯನ್ನು ಎತ್ತಿ ಮುತ್ತಿಟ್ಟಳು. ಆ ಹೊತ್ತಿನಲ್ಲಿ ಅವಳಿಗೆ ಏನೂ ಹೊಳೆಯಲಿಲ್ಲ. ದೋಣಿಯಲ್ಲಿ ಹುಟ್ಟಿ ದೋಣಿಯಲ್ಲೇ ಸಾಯುವ ಊರು ಅದು. ಆ ಪೆಟ್ಟಿಗೆಯನ್ನು ಸವರಿ, ತಟ್ಟಿ, ಹೊಗಳಿ ಹೋದ ಇಪ್ಪತ್ತು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಜನ ಬರತೊಡಗಿದರು. ಪ್ರಾರ್ಥನೆ ಹೇಳಿಕೊಡುವ ದೋನ ಉರ್ಸುಲಾ ಎಲ್ಲರಿಗಿಂತ ಮೊದಲು ಬಂದು ಹೆಣದ ತಲೆಯ ಹತ್ತಿರದ ಕುರ್ಚಿ ಹಿಡಿದಳು. ಸತ್ತವರ ಮನೆಯಲ್ಲಿ ಒಳ್ಳೆಯ ಜಾಗ ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಯುದ್ಧದಲ್ಲಿ ಕೊಟ್ಟ ಪದಕ ಎಲ್ಲಿ, ಅಂಗಿಗೆ ಚುಚ್ಚಬೇಕು ಎಂದು ಕೇಳಿದಳು. ಅದು ಯಾವುದೋ ಮೀನಿನ ಹೊಟ್ಟೆಯಲ್ಲಿದೆ ಎಂದಳು ಜಸಿಂತಾ. ನಿಜವೇ. ಗಾಳದ ದಾರಕ್ಕೆ ಭಾರ ಬೇಕೆಂದು ಅಪ್ಪ ಪದಕವನ್ನೇ ಕಟ್ಟಿದ್ದ. ಮೂರನೇ ದಿನ ದೊಡ್ಡ ದೊರಾದು ಮೀನೊಂದು ದಾರ ಸಮೇತ ಕಿತ್ತುಕೊಂಡು ಹೋಯಿತು. ಅವತ್ತು ಅಪ್ಪ ನಕ್ಕಿದ್ದ. ಅವನು ನಕ್ಕಿದ್ದು ಅಷ್ಟು ಚೆನ್ನಾಗಿ ನೆನಪಿರುವ ಇನ್ನೊಂದು ದಿನ ಅವಳಿಗಿಲ್ಲ.

ದೋಣಿ ನಡೆಸುವ ಲೌರಿಂದೊ ಪೆಟ್ಟಿಗೆಯ ಪಕ್ಕ ಬೆರಳಿನಿಂದ ಕುಟ್ಟಿ ನೋಡಿದ. ಇಂಥದ್ದು ಸಿಗುವುದಾದರೆ ತಾನೇ ಮೊದಲು ಹೋಗುತ್ತಿದ್ದೆ ಎಂದ. ನಿನಗೆ ಹಳೇ ಚಾಪೆ ಸಾಕು ಎಂದು ಕ್ವಿರಿನೊ ಬೈದ. ಕುಡಿಯುವವರಿಗೆ ಕಬ್ಬಿನ ಸಾರಾಯಿ, ಹೆಂಗಸರಿಗೆ ಗ್ವಾರಾನಾ ಬೀಜದ ಪುಡಿ ಕದಡಿದ ನೀರು ಹೋಯಿತು. ಒಣಮಾಂಸ ಬೆರೆಸಿದ ಅನ್ನ ಹಿತ್ತಲಲ್ಲಿ ಬೇಯುತ್ತಿತ್ತು.

“ಹೊತ್ತಾಗ್ತಿದೆ,” ಎಂದಳು ಉರ್ಸುಲಾ. “ಚಪ್ಪಡಿ ಸರಿಸೋಕೆ ಆರು ಜನಾನಾದ್ರೂ ಬೇಕು. ಹೇಳಿದೀಯ ತಾನೆ?”

“ಚಪ್ಪಡಿ ಬೇಡ,” ಎಂದಳು ಜಸಿಂತಾ.

“ಬೇಡ ಅಂದ್ರೆ?”

“ಅಪ್ಪನ ಮೇಲೆ ಕಬ್ಬಿಣ ಇಡಲ್ಲ. ಮಾತು ಕೊಟ್ಟಿದೀನಿ.”

ಉರ್ಸುಲಾ ಬೀಸಣಿಗೆಯನ್ನು ಮಡಿಲಿಗೆ ಹಾಕಿ ಶಿಲುಬೆಯ ಗುರುತು ಮಾಡಿಕೊಂಡಳು.

*

ಆ ಸೀಮೆಯಲ್ಲಿ ಕಲ್ಲಿಲ್ಲ. ಕೊರುಂಬಾ ಪಟ್ಟಣದ ಕಡೆಯ ಗುಡ್ಡ ಬಿಟ್ಟರೆ ಎಲ್ಲಿ ಅಗೆದರೂ ಜೇಡಿ, ಜೇಡಿಯ ಕೆಳಗೆ ಮರಳು, ಮರಳಿನ ಕೆಳಗೆ ನೀರು. ಮಳೆ ನಿಂತು ಆಕಾಶ ತೊಳೆದಿಟ್ಟ ತಟ್ಟೆಯಂತೆ ಹೊಳೆಯುವ ತಿಂಗಳುಗಳಲ್ಲೇ ಹೊಳೆಯ ಮೇಲ್ಭಾಗದ ನೀರು ನಿಧಾನವಾಗಿ ಇಳಿದು ಬಂದು ಹುಲ್ಲುಗಾವಲನ್ನೆಲ್ಲ ನುಂಗುತ್ತದೆ. ಆಗ ಸತ್ತರೆ ಕಷ್ಟ. ಸ್ಮಶಾನದ ದಿಬ್ಬದಲ್ಲಿ ಎರಡು ಗೇಣು ಅಗೆಯುವಷ್ಟರಲ್ಲಿ ಗುಂಡಿ ಬಾವಿಯಾಗುತ್ತದೆ. ಒಂದು ವರ್ಷ ಉರ್ಸುಲಾಳ ಅತ್ತೆಯ ಪೆಟ್ಟಿಗೆ ಹೂತ ಮೂರನೇ ದಿನಕ್ಕೆ ಮಣ್ಣು ಸೀಳಿಕೊಂಡು ಮೇಲೆ ಬಂದು, ತೇಲಿ, ಮೂರು ತಿರುವು ಕೆಳಗೆ ಮರವೊಂದರ ಕವಲಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಮೇಲೆ ದೊಡ್ಡ ಕೊಕ್ಕರೆಯೊಂದು ಕೂತಿತ್ತು. ಬದುಕಿದ್ದಾಗ ಎಲ್ಲಿಗೂ ಕಳಿಸದಿದ್ದ ಸೊಸೆಯ ಮೇಲಿನ ಸಿಟ್ಟಿಗೆ ಮುದುಕಿ ಯಾತ್ರೆ ಹೊರಟಳು ಎಂದು ಊರು ಇವತ್ತಿಗೂ ಆಡಿಕೊಳ್ಳುತ್ತದೆ.

ಆಮೇಲೆ ಗೋರಿಯ ಮೇಲೆ ಕಬ್ಬಿಣದ ಚಪ್ಪಡಿ ಇಡುವ ಪದ್ಧತಿ ಬಂತು. ಚಪ್ಪಡಿ ಕೊಟ್ಟದ್ದು ಆಮೆ.

ಆಮೆಯೆಂಬ ಆ ಹಡಗಿಗೆ ಬೇರೆ ಹೆಸರಿತ್ತಂತೆ, ಯಾರಿಗೂ ಬೇಕಿರಲಿಲ್ಲ. ಯುದ್ಧಕ್ಕೆಂದು ರಿಯೊದ ಹಡಗುಕಟ್ಟೆಯಲ್ಲಿ ಒಂದರ ಹಿಂದೊಂದು ಕಟ್ಟಿದ ಅಕ್ಕತಂಗಿಯರಲ್ಲಿ ಅದೂ ಒಂದು. ಒಡಲು ಮರದ್ದು, ಮೈಗೆಲ್ಲ ಕಬ್ಬಿಣದ ಕವಚ. ಮೇಲ್ಕಟ್ಟು ನೀರಿನ ಮಟ್ಟಕ್ಕೆ ಒಂದು ಗೇಣು ಮೇಲೆ, ಅಷ್ಟೆ. ಶತ್ರುವಿಗೆ ಕಾಣುತ್ತಿದ್ದುದು ನಡುವಿನ ಫಿರಂಗಿ ಗೂಡೊಂದೇ. ಆ ಗೂಡನ್ನು ತಿರುಗಿಸಲು ಯಂತ್ರವಿರಲಿಲ್ಲ. ಕೆಳಗೆ ಕತ್ತಲಲ್ಲಿ ನಾಲ್ಕು ಜನ ತಿರುಗಣೆ ಹಿಡಿದು ತಿರುಗಿಸುತ್ತಿದ್ದರು. ಆ ನಾಲ್ವರಲ್ಲಿ ಬೆಲ್ಮಿರೊ ಒಬ್ಬ. ತೋಟದ ಮಾಲೀಕ ತನ್ನ ಮಗನ ಬದಲಿಗೆ ಈ ಗುಲಾಮನನ್ನು ಯುದ್ಧಕ್ಕೆ ಕೊಟ್ಟಿದ್ದ. ಹಡಗು ಹತ್ತಿದ ದಿನ ಬಿಡುಗಡೆಯ ಕಾಗದ ಸಿಕ್ಕಿತು, ಮಾರನೇ ದಿನ ತಿರುಗಣೆ ಸಿಕ್ಕಿತು.

ಯುದ್ಧ ಮುಗಿದ ಮೇಲೆ ಆ ಹಡಗುಗಳಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಈ ಹೊಳೆ ಕಾಯಲು ಎರಡು, ಆ ಹೊಳೆ ಕಾಯಲು ಎರಡು ಎಂದು ಕಳಿಸಿದರು. ಬಾಯ್ಲರು ಹೋಯಿತು, ಒಡಲಿಗೆ ಗೆದ್ದಲು ಹಿಡಿಯಿತು. ಒಂದು ಕಟ್ಟಿಹಾಕಿದ ಜಾಗದಲ್ಲೇ ಮುಳುಗಿತು, ಒಂದನ್ನು ಸೌದೆಗೆ ಒಡೆದರು ಎಂದು ಸುದ್ದಿ ಬರುತ್ತಿತ್ತು. ಸುದ್ದಿ ಬಂದಾಗ ಕ್ವಿರಿನೊ ಹೆಣ್ಣುಮಕ್ಕಳು ಸತ್ತ ತಂದೆಯಂತೆ ಟೋಪಿ ತೆಗೆಯುತ್ತಿದ್ದ. ಬೆಲ್ಮಿರೊ ಎದ್ದು ಹೊರಗೆ ಹೋಗುತ್ತಿದ್ದ.

ಅವನು ಪೋರ್ತೊ ಬುಗಿಯೊಗೆ ಬಂದು ನೆಲೆಸಿದ್ದೇ ಅಲ್ಲಿ ಯುದ್ಧದ ಹಡಗುಗಳು ನಿಲ್ಲುವುದಿಲ್ಲ ಎಂದು. ಜಸಿಂತಾಗೆ ಹನ್ನೆರಡು ವರ್ಷವಾದಾಗ, ಒಂದು ದೊಡ್ಡ ನೆರೆಯಲ್ಲಿ, ಗುಜರಿಗೆಂದು ಎಳೆದೊಯ್ಯುತ್ತಿದ್ದ ಆಮೆಯ ಹಗ್ಗ ಹರಿಯಿತು. ಆಮೆ ಒಂದು ಹಗಲೆಲ್ಲ ತಾನೇ ತೇಲಿಕೊಂಡು ಬಂದು ಇವರ ಮನೆಬಾಗಿಲ ಎದುರಿನ ತಿರುವಿನಲ್ಲಿ ಕೆಸರಿಗೆ ಕೂತಿತು. ಕೇಳಿಕೊಂಡು ಯಾರೂ ಬರಲಿಲ್ಲ.

ಊರಿನ ಮಕ್ಕಳೆಲ್ಲ ಕುಣಿದರು. ಬೆಲ್ಮಿರೊ ಬಹಳ ಹೊತ್ತು ಬಾಗಿಲಲ್ಲಿ ನಿಂತು ನೋಡಿದ. ಮಾರನೇ ದಿನ ಬೆಳಿಗ್ಗೆ ಆ ಬಾಗಿಲನ್ನು ಕಿತ್ತು, ಜಾಗಕ್ಕೆ ಮಣ್ಣಿನ ಗೋಡೆ ಎಬ್ಬಿಸಿ, ಮನೆಯ ಹಿಂಬದಿಗೆ ಹೊಸ ಬಾಗಿಲು ಇಟ್ಟ. ಹೊಳೆದಂಡೆಯಲ್ಲಿ ಹೊಳೆಗೆ ಬೆನ್ನು ಹಾಕಿ ಕೂತ ಮನೆ ಅದೊಂದೇ.

*

ಪೆಟ್ಟಿಗೆಗೆ ಇಳಿಸುವ ಮೊದಲು ಜಸಿಂತಾ ಅಪ್ಪನ ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿದಳು. ಒದ್ದೆಯಾದರೆ ಅವನ ಹೆಬ್ಬೆರಳು ನೋಯುತ್ತಿತ್ತು. ಹೊಸ ಕಾಲುಚೀಲ, ಒಣಗಿದ್ದು, ಬಿಸಿಲಿನ ವಾಸನೆ ಇದ್ದದ್ದು.

ಮನೆಯಲ್ಲಿ ಕಬ್ಬಿಣವೆಂದರೆ ಒಂದು ಬಾಣಲೆ, ಒಂದು ಕತ್ತಿ. ಬಾಗಿಲ ಚಿಲಕವೂ ಹಸಿದೊಗಲಿನ ಪಟ್ಟಿ. ಪ್ರಾರ್ಥನಾ ಮಂದಿರಕ್ಕೆ ತಗಡಿನ ಮಾಡು ಬಂದ ಮೇಲೆ ಅವನು ಅದರೊಳಗೆ ಕಾಲಿಡಲಿಲ್ಲ. ಅವಳ ಮದುವೆಯ ದಿನ ಅವಳ ಕೈ ಹಿಡಿದು ಒಳಗೆ ನಡೆಸಿದವನು ಕ್ವಿರಿನೊ. ಅಪ್ಪ ಹೊರಗೆ ಬಿಸಿಲಲ್ಲಿ, ಎರವಲು ಕೋಟಿನಲ್ಲಿ, ಕಿಟಕಿಯಿಂದ ಹತ್ತು ಹೆಜ್ಜೆ ದೂರ ನಿಂತಿದ್ದ. ಗಂಡಿನ ಕಡೆಯವರು ನಕ್ಕರು. ಆ ನಗುವಿಗಾಗಿ ಅವಳು ಅಪ್ಪನನ್ನು ಕ್ಷಮಿಸಿರಲಿಲ್ಲ. ಆರು ವರ್ಷದ ನಂತರ ದನ ಹೊಡೆದುಕೊಂಡು ಹೋದ ಗಂಡ ವಾಪಸು ಬರಲಿಲ್ಲ. ಅವಳು ಅಪ್ಪನ ಮನೆಗೆ ಬಂದಾಗಲೂ ಅವಳ ಎದೆಯಲ್ಲಿ ಅದು ಹಾಗೇ ಇತ್ತು.

ನಾಲ್ಕು ವರ್ಷದ ಹಿಂದೆ, ಒಂದು ಜ್ವರದಲ್ಲಿ, ಅಪ್ಪ ಅವಳ ಮಣಿಕಟ್ಟು ಹಿಡಿದ.

“ನನ್ನ ಮೇಲೆ ಕಬ್ಬಿಣ ಇಡಬೇಡ ಮಗಳೇ. ನೆರೆ ಇರ್ಲಿ ಬಿಡ್ಲಿ. ಆಣೆ ಮಾಡು.”

ಹುಟ್ಟಿದಾಗಿನಿಂದ ಅವನು ಅವಳನ್ನು ಕೇಳಿದ್ದು ಅದೊಂದೇ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಅವನು ಹೇಳುತ್ತಿರಲಿಲ್ಲ. ಆಣೆ ಮಾಡಿದಳು.

ಬರೀ ಆಣೆಯಲ್ಲ, ದಾರಿಯನ್ನೂ ಹುಡುಕಿದಳು. ಆ ಸೀಮೆಯಲ್ಲಿ ಅರೊಯಿರಾ ಎಂಬ ಮರವಿದೆ. ಕೊಡಲಿಯ ಬಾಯಿ ಮುರಿಯುವ ಮರ, ನೀರಿಗೆ ಹಾಕಿದರೆ ಕಲ್ಲಿನ ಹಾಗೆ ತಳ ಸೇರುವ ಮರ. ಅದರ ಪೆಟ್ಟಿಗೆಯಾದರೆ ಚಪ್ಪಡಿಯ ಹಂಗಿಲ್ಲ, ತಾನೇ ಮುಳುಗಿ ಕೂರುತ್ತದೆ. ಎರಡು ಬೇಸಿಗೆ ದನದ ದೊಡ್ಡಿಯವರ ಬಟ್ಟೆ ಒಗೆದು, ಮುರಿದ ದೊಡ್ಡಿಬಾಗಿಲಿನ ಹಲಗೆಗಳನ್ನು ಕೇಳಿ ಪಡೆದಳು. ತಂದು ಮಂಚದ ಕೆಳಗೆ ಇಟ್ಟಳು. ಅಪ್ಪ ಎರಡು ವರ್ಷ ಆ ಹಲಗೆಗಳ ಮೇಲೆಯೇ ಮಲಗಿದ. ಅವು ಯಾತಕ್ಕೆಂದು ಅವನಿಗೂ ಗೊತ್ತಿತ್ತು.

*

ಮೂರು ದೋಣಿಗಳಲ್ಲಿ ಹೊರಟರು. ನಡುವಿನ ದೋಣಿಯಲ್ಲಿ ಪೆಟ್ಟಿಗೆ, ಅದರ ತಲೆಯ ಕಡೆ ಜಸಿಂತಾ, ಕಾಲಿನ ಕಡೆ ಕ್ವಿರಿನೊ. ಲೌರಿಂದೊ ಉದ್ದನೆಯ ಗಳ ಹಾಕಿ ನೂಕುತ್ತಿದ್ದ. ಮುಳುಗಿದ ಹುಲ್ಲಿನ ತುದಿಗಳು ದೋಣಿಯ ಹೊಟ್ಟೆಯನ್ನು ಸರಸರ ಸವರುತ್ತಿದ್ದವು.

ತಿರುವಿನಲ್ಲಿ ಆಮೆ ಕಂಡಿತು. ಇಪ್ಪತ್ತು ವರ್ಷದಿಂದ ಊರು ಗೋರಿಗಳಿಗೆಂದು ಅದರ ಕಬ್ಬಿಣದ ಚಿಪ್ಪು ಕಳಚಿ ಕಳಚಿ ಈಗ ಉಳಿದದ್ದು ಕೊಳೆತ ಪಕ್ಕೆಲುಬು ಮತ್ತು ಫಿರಂಗಿ ಗೂಡು. ಗೂಡಿನ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದವು. ಲೌರಿಂದೊ ಅದನ್ನು ದೂರದಿಂದಲೇ ಬಳಸಿಕೊಂಡು ಹೋದ. ಹಾಗೆ ಹೋಗೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮುಂದಿನ ದೋಣಿಯಿಂದ ಉರ್ಸುಲಾಳ ಮಾತು ನೀರಿನ ಮೇಲೆ ಜಾರಿಕೊಂಡು ಬರುತ್ತಿತ್ತು. ಊರಿನ ಹದಿನೇಳು ಗೋರಿಯ ಮೇಲೆ ಚಪ್ಪಡಿ ಇದೆ, ಅವರೆಲ್ಲ ಮನುಷ್ಯರಲ್ಲವೇ, ಸತ್ತವರ ದಿನ ಬೋಲ್ಟಿನ ತೂತಿನಲ್ಲಿ ಮೇಣದಬತ್ತಿ ನಿಲ್ಲಿಸಿದರೆ ಗಾಳಿಗೂ ಆರುವುದಿಲ್ಲ, ಈ ಹುಡುಗಿಗೆ ಮಾತ್ರ ದೊಡ್ಡಸ್ತಿಕೆ, ಇತ್ಯಾದಿ. ಜಸಿಂತಾ ಒಂದು ಕೈಯನ್ನು ಪೆಟ್ಟಿಗೆಯ ಮೇಲಿಟ್ಟು, ಬಿಸಿಲಿಗೆ ಕಾದ ಮರದ ಬಿಸುಪನ್ನು ಅನುಭವಿಸುತ್ತ ಕೂತಿದ್ದಳು. ಸಾಯುವ ಮುನ್ನ ಕೇಳಿದ್ದನ್ನು ನಡೆಸಿಕೊಡುತ್ತಿದ್ದೇನೆ ಎಂಬ ಒಂದು ಸಣ್ಣ ಹೆಮ್ಮೆ, ಯಾರಿಗೂ ಕಾಣದಂತೆ, ಅವಳ ಹೊಟ್ಟೆಯಲ್ಲಿ ಬೆಚ್ಚಗಿತ್ತು.

ದಿಬ್ಬದಲ್ಲಿ ಗುಂಡಿ ತೋಡಿಯಾಗಿತ್ತು. ಒಳಗೆ ಕಾಫಿಯ ಬಣ್ಣದ ನೀರು ದಂಡೆಗೆ ಒಂದು ಚೋಟು ಕಡಿಮೆ ನಿಂತಿತ್ತು. ಶಿಲುಬೆಗೆ ಒರಗಿಸಿದ ಒಂದು ಕಬ್ಬಿಣದ ಚಪ್ಪಡಿ ಇತ್ತು. ನೆರೆಯ ಕಾಲಕ್ಕೆಂದು ಒಂದು ಯಾವಾಗಲೂ ಅಲ್ಲಿರುತ್ತದೆ. ಜಸಿಂತಾ ಅದರ ಕಡೆ ನೋಡಲಿಲ್ಲ.

ಹಗ್ಗ ಹಾಕಿ ಪೆಟ್ಟಿಗೆ ಇಳಿಸಿದರು. ಉರ್ಸುಲಾ ಪ್ರಾರ್ಥನೆ ಶುರು ಮಾಡಿದಳು.

ಪೆಟ್ಟಿಗೆ ಅರ್ಧ ಇಳಿಯಿತು. ನಿಂತಿತು. ಹಗ್ಗಗಳು ಸಡಿಲವಾದವು.

ಗಂಡಸರು ಗಳದಿಂದ ಒತ್ತಿದರು. ಪೆಟ್ಟಿಗೆ ನೀರೊಳಗೆ ಹೋಯಿತು, ಗಳ ತೆಗೆದ ಕೂಡಲೇ ಮೆಲ್ಲನೆ ಮೇಲೆ ಬಂತು. ಬಂದು, ಸ್ವಲ್ಪ ಓಲಾಡಿ, ಚಂದವಾಗಿ ನಿಂತಿತು. ಆ ಊರಿನಲ್ಲಿ ಕ್ವಿರಿನೊ ನೀರಿಗಿಳಿಸಿದ ಪ್ರತಿಯೊಂದು ದೋಣಿಯೂ ಮೊದಲ ದಿನ ನಿಲ್ಲುತ್ತಿದ್ದುದು ಹಾಗೆಯೇ.

ಪ್ರಾರ್ಥನೆ ಅಷ್ಟಕ್ಕೆ ನಿಂತಿತು.

“ಅರೊಯಿರಾ ಮುಳುಗುತ್ತೆ,” ಎಂದಳು ಜಸಿಂತಾ. “ಮುಳುಗಬೇಕು. ನಾನೇ ಹೊಳೆಗೆ ಹಾಕಿ ನೋಡಿದೀನಿ.”

“ಹಲಗೆ ಮುಳುಗುತ್ತೆ ತಾಯಿ,” ಎಂದ ಲೌರಿಂದೊ, ನೆಲ ನೋಡುತ್ತ. “ಇದು ಹಲಗೆ ಅಲ್ವಲ್ಲ. ದೋಣಿ.”

ಅವಳು ನಿಧಾನವಾಗಿ ಕ್ವಿರಿನೊ ಕಡೆ ತಿರುಗಿದಳು.

“ಯಾಕೆ ರಾಳ ಹಾಕಿದೆ ಮಾವ?”

ಮುದುಕ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡಿದ.

“ನಿಮ್ಮಪ್ಪ ಕೇಳಿದ್ದ,” ಎಂದ. “ಒಂದು ಹನಿ ನೀರು ಒಳಗೆ ಬರಬಾರದು ಕ್ವಿರಿನೊ, ಅಂದಿದ್ದ. ಇನ್ನೊಂದು ಸಲ ತಪ್ಪಬೇಡ, ಅಂದಿದ್ದ.”

“ಇನ್ನೊಂದು ಸಲ ಅಂದ್ರೆ?”

*

ಕ್ವಿರಿನೊ ಗುಂಡಿಯ ದಂಡೆಯಲ್ಲಿ ಕೂತು ಹೇಳಿದ್ದು ಇಷ್ಟು.

ಯುದ್ಧದ ನಾಲ್ಕನೇ ವರ್ಷ, ಒಂದು ಬೆಳಿಗ್ಗೆ, ದಂಡೆಯ ಮೇಲಿನ ಫಿರಂಗಿಯ ಗುಂಡು ಆಮೆಯ ಪಕ್ಕೆಗೆ ಬಡಿಯಿತು. ಕವಚ ತಡೆಯಿತು. ಆದರೆ ಹೊಡೆತಕ್ಕೆ ಒಳಗಿನ ಮರದ ಸಂದಿಯೊಂದು ಬಾಯಿ ಬಿಟ್ಟಿತು. ಆ ಸಂದಿಗೆ ನಾರು ತುಂಬಿದವನು ಕ್ವಿರಿನೊ. ಹಿಂದಿನ ವಾರ ತುಂಬಿದ್ದ, ಮೂರೆಳೆಯ ಜಾಗದಲ್ಲಿ ಎರಡೆಳೆ, ಬೇಗ ಮುಗಿಸಿ ಊಟಕ್ಕೆ ಹೋಗಬೇಕೆಂದು. ನೀರು ಬಾಯ್ಲರು ಕೋಣೆಗೆ ನುಗ್ಗಿತು. ಅಲ್ಲಿ ಕಲ್ಲಿದ್ದಲು ತುಂಬುವ ಇಬ್ಬರಿದ್ದರು. ಆ ಕೋಣೆಯ ಕಬ್ಬಿಣದ ಮುಚ್ಚಳ ತಿರುಗಣೆಯ ಪಕ್ಕದಲ್ಲೇ ಇತ್ತು.

ಮುಚ್ಚು ಎಂದು ಮೇಲಿಂದ ಕೂಗಿದರು. ಮುಚ್ಚದಿದ್ದರೆ ಹಡಗೇ ಹೋಗುತ್ತದೆ ಎಂದರು. ಬೆಲ್ಮಿರೊ ಮುಚ್ಚಿದ. ಅಗುಳಿ ಎಳೆದ. ಆಮೇಲೆ ತಿರುಗಣೆ ಹಿಡಿ ಎಂದರು, ಹಿಡಿದ. ಬಲಕ್ಕೆ ಎಂದರೆ ಬಲಕ್ಕೆ, ಎಡಕ್ಕೆ ಎಂದರೆ ಎಡಕ್ಕೆ ತಿರುಗಿಸಿದ. ಅವನ ಕಾಲ ಕೆಳಗೆ ಆ ಇಬ್ಬರು ಸಲಿಕೆಯಿಂದ ಮುಚ್ಚಳ ಬಡಿಯುತ್ತಿದ್ದರು.

ಹಡಗು ಉಳಿಯಿತು. ಅವನಿಗೆ ಪದಕ ಬಂತು.

“ಎಷ್ಟು ಹೊತ್ತು ಬಡಿದ್ರು?” ಎಂದು ಜಸಿಂತಾ ಕೇಳಿದಳು.

“ಅವನು ಎಣಿಸಿದ್ದ,” ಎಂದ ಕ್ವಿರಿನೊ. “ನನಗೆ ಯಾವತ್ತೂ ಹೇಳ್ಲಿಲ್ಲ. ನನ್ನ ಮೇಲೆ ಒಂದು ದಿನ ಕೂಗಾಡ್ಲಿಲ್ಲ ಕಣೇ. ನಲವತ್ತು ವರ್ಷ ನನ್ನ ಜೊತೆ ಕೂತು ತೆರೆರೆ ಸೊಪ್ಪಿನ ತಣ್ಣೀರು ಕುಡಿದ. ಒಂದೇ ಕೊಂಬು, ಒಂದೇ ಕೊಳವೆ.”

*

 ಪೆಟ್ಟಿಗೆ ನೀರಿನಲ್ಲಿ ಒಂದು ಪಕ್ಕಕ್ಕೆ ಸರಿದು ಮಣ್ಣಿನ ಗೋಡೆಗೆ ಮೃದುವಾಗಿ ತಾಗಿತು.

ಜಸಿಂತಾಗೆ ಈಗ ಅರ್ಥವಾಯಿತು. ಅಪ್ಪ ತನ್ನ ಭಯವನ್ನು ಎರಡು ತುಂಡು ಮಾಡಿ ಇಬ್ಬರಿಗೆ ಕೊಟ್ಟಿದ್ದ. ಕಬ್ಬಿಣವನ್ನು ಅವಳಿಗೆ, ನೀರನ್ನು ಗೆಳೆಯನಿಗೆ. ಒಬ್ಬರಿಗೇ ಪೂರ್ತಿ ಹೇಳಲು ಅವನಿಂದ ಆಗಿರಲಿಲ್ಲ. ಇಬ್ಬರೂ ತಮ್ಮ ತಮ್ಮ ತುಂಡನ್ನು ಚಾಚೂ ತಪ್ಪದೆ ನಡೆಸಿದ್ದರು.

ಲೌರಿಂದೊ ಮೆಲ್ಲನೆ ದಾರಿ ಹೇಳಿದ. ತಳಕ್ಕೆ ನಾಲ್ಕು ತೂತು ಕೊರೆದರೆ ನೀರು ತುಂಬುತ್ತದೆ, ಆಗ ಅರೊಯಿರಾ ತಾನೇ ಮುಳುಗುತ್ತದೆ, ಕಬ್ಬಿಣ ಬೇಕಿಲ್ಲ. ಇಲ್ಲವಾದರೆ ಚಪ್ಪಡಿ. ನಾಳೆಗೆ ಬಿಡೋಣವೆಂದರೆ ಈ ಬಿಸಿಲಿಗೆ ಹೆಣ ತಡೆಯುವುದಿಲ್ಲ. ಒಣನೆಲ ಬೇಕೆಂದರೆ ಎರಡು ದಿನದ ದಾರಿ.

“ಎತ್ತಿ,” ಎಂದಳು ಜಸಿಂತಾ. “ಮಾವ, ಬೈರಿಗೆ ಕೊಡು.”

ಬೈರಿಗೆ ಅವನ ಚೀಲದಲ್ಲಿತ್ತು. ಅದಿಲ್ಲದೆ ಅವನು ಎಲ್ಲಿಗೂ ಹೋಗುವವನಲ್ಲ. ಹೊರಗೆ ತೆಗೆದ. ಅವಳ ಕಡೆ ಚಾಚಿದ.

“ನನ್ನಿಂದ ಆಗಲ್ಲ. ಒಡಲಿಗೆ ತೂತು... ನನ್ನ ಕೈಯಲ್ಲಿ ಬೇಡ ಮಗಳೇ. ಕೊಲ್ಲು ಬೇಕಾದ್ರೆ.”

ಅವಳೇ ತೆಗೆದುಕೊಂಡಳು. ಗಂಡಸರು ಪೆಟ್ಟಿಗೆಯ ಕಾಲಿನ ಕಡೆಯನ್ನು ದಂಡೆಗೆ ಎತ್ತಿ ಹಿಡಿದರು. ಅವಳು ಮಂಡಿಯೂರಿ, ಬೆಳಿಗ್ಗೆ ಮೊಳೆ ಹುಡುಕಿದ ಜಾಗದಲ್ಲೇ ಬೈರಿಗೆಯ ಮೂತಿ ಇಟ್ಟು ತಿರುಗಿಸಿದಳು. ಅರೊಯಿರಾ ಸುಲಭಕ್ಕೆ ಬಿಡಲಿಲ್ಲ. ಅಂಗೈ ಸುಲಿಯಿತು. ಕೆಂಪು ಪುಡಿ ಉದುರಿತು. ಕೊನೆಗೆ ಬೈರಿಗೆ ಟಕ್ಕನೆ ಒಳಗೆ ಹೋಯಿತು. ಹೊರಗೆಳೆದಾಗ ಅದರ ಸುರುಳಿಯಲ್ಲಿ ಸಿಕ್ಕಿ ಬಂದದ್ದು ಉಣ್ಣೆಯ ಒಂದು ಎಳೆ.

“ಇಳಿಸಿ,” ಎಂದಳು.

ಇಳಿಸಿದರು. ತೂತು ನೀರಿನ ಕೆಳಗೆ ಹೋಯಿತು. ಗುಳುಗುಳು ಎಂದು ಗುಳ್ಳೆಗಳು ಎದ್ದವು, ಒಂದರ ಹಿಂದೊಂದು, ಅವಸರವಾಗಿ. ಯಾರೋ ಕೊಡ ತುಂಬುತ್ತಿರುವಂಥ ದಿನನಿತ್ಯದ ಸದ್ದು. ಅವಳು ಕೇಳುತ್ತ ನಿಂತಳು. ಕಾಲುಚೀಲ ಈಗ ಒದ್ದೆಯಾಗುತ್ತಿದೆ. ಈಗ ಹಿಮ್ಮಡಿ. ಈಗ ಹೆಬ್ಬೆರಳು.

ಅವಳು ಗುಂಡಿಗೆ ಹಾರಿದಳು.

ಎದೆಮಟ್ಟದ ಕೆಸರುನೀರಿನಲ್ಲಿ ನಿಂತು, ಕೈ ಕೆಳಗೆ ಚಾಚಿ, ತೂತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಗುಳ್ಳೆಗಳು ನಿಂತವು. ಮೇಲೆ ಉರ್ಸುಲಾ ಅಯ್ಯೋ ಎಂದದ್ದು ಕೇಳಿಸಿತು.

“ಮುಚ್ಚು ಮಾವ,” ಎಂದಳು ಜಸಿಂತಾ. “ಬೇಗ.”

ಪೆಟ್ಟಿಗೆಯನ್ನು ಮತ್ತೆ ಎತ್ತಿದರು. ಕ್ವಿರಿನೊ ಜೇಬಿನಿಂದ ನಾರು ತೆಗೆದು, ಬಾಯಲ್ಲಿ ಜಗಿದು, ತೂತಿಗೆ ತುರುಕಿ, ಮೇಲೊಂದು ಗೂಟ ಬಡಿದ. ಗೂಟ ಮೂರೇ ಏಟಿಗೆ ಕೂತಿತು.

ಆಮೇಲೆ ಅವಳು ಹೇಳಬೇಕಾಗಿ ಬರಲಿಲ್ಲ. ಶಿಲುಬೆಗೆ ಒರಗಿದ್ದ ಚಪ್ಪಡಿಯ ಕಡೆ ನೋಡಿದಳು, ಅಷ್ಟೆ. ಆರು ಜನ ಹೋದರು.

ಗುಂಡಿಯ ಎರಡೂ ದಂಡೆಗೆ ತಾಳೆಯ ಕೊರಡು ಇಟ್ಟು, ಅದರ ಮೇಲೆ ಚಪ್ಪಡಿ ಎಳೆದರು. ಕಬ್ಬಿಣ ಅಂಗುಲ ಅಂಗುಲವಾಗಿ ಪೆಟ್ಟಿಗೆಯ ಮೇಲೆ ಸರಿದು ಬಂತು. ಮೊದಲು ಕಾಲು ಕಾಣದಾಯಿತು, ಆಮೇಲೆ ಹೊಟ್ಟೆ, ಆಮೇಲೆ ತಲೆ. ಕೊನೆಯ ಸಂದು ಮುಚ್ಚುವಾಗ ಜಸಿಂತಾ ಕಣ್ಣು ಮುಚ್ಚಲಿಲ್ಲ. ಉರ್ಸುಲಾ ತನ್ನ ಶಾಲನ್ನು ಬಿಚ್ಚಿ ಅವಳ ಒದ್ದೆ ಹೆಗಲಿಗೆ ಹೊದಿಸಿದಳು. ಬೋಲ್ಟಿನ ತೂತೊಂದರ ಅಂಚಿಗೆ ಮೇಣದಬತ್ತಿ ಅಂಟಿಸಿ ಹಚ್ಚಿದಳು.

ಸುತ್ತ ಮಣ್ಣು ಎಳೆಯತೊಡಗಿದಾಗ ಕೊರುಂಬಾದ ಟಪಾಲು ಹಡಗು ತಿರುವಿನಲ್ಲಿ ಕೂಗಿತು. ದೂರದಲ್ಲಿ ಅದರ ಹೊಗೆ ಮರಗಳ ಮೇಲೆ ಸಾಗಿತು. ಸ್ವಲ್ಪ ಹೊತ್ತಿನ ಮೇಲೆ ಅದು ಎಬ್ಬಿಸಿದ ಅಲೆ ಹುಲ್ಲನ್ನು ಬಾಗಿಸುತ್ತ ದಿಬ್ಬಕ್ಕೆ ಬಂತು, ಮಣ್ಣಿನೊಳಗೆ ಇಂಗಿತು.

ಟಕ್.

ಸಲಿಕೆಗಳು ನಿಂತವು.

ಟಕ್. ಟಕ್.

“ಅಲೆ,” ಎಂದ ಲೌರಿಂದೊ. “ಅಲೆಗೆ ಪೆಟ್ಟಿಗೆ ಎದ್ದು ತಾಗ್ತಿದೆ. ಉಳಿದವರ ಪೆಟ್ಟಿಗೆ ನೀರು ಕುಡಿದು ತಳ ಸೇರ್ತವೆ, ಅದಕ್ಕೇ ಸದ್ದಿಲ್ಲ. ಇದೂ ಒಂದಿನ...”  ಎಲ್ಲರೂ ಕ್ವಿರಿನೊನನ್ನು ನೋಡಿದರು. ಅವನು ಟೋಪಿಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡು, ಬೆನ್ನು ಬಾಗಿಸಿ, ದೋಣಿಗಳ ಕಡೆ ನಡೆಯತೊಡಗಿದ್ದ. ಅವನ ಕೈಯ ಕೆಲಸ ಎಷ್ಟು ವರ್ಷ ಬಾಳುತ್ತದೆಂದು ಆ ಊರಿನಲ್ಲಿ ಯಾರನ್ನೂ ಕೇಳಬೇಕಿರಲಿಲ್ಲ.

ಬಿಸಿಲು ಇಳಿಯುತ್ತಿತ್ತು. ಜನ ಒಬ್ಬೊಬ್ಬರಾಗಿ ದೋಣಿ ಹತ್ತಿದರು. ಲೌರಿಂದೊ ಗಳ ಹಿಡಿದು ಕಾದ.

ಜಸಿಂತಾ ಚಪ್ಪಡಿಯ ಮೇಲೆ ಕೂತಿದ್ದಳು. ತನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಕೂತಿದ್ದಳು. ಆದರೂ ಕೆಳಗಿನಿಂದ ಬರುವ ಬಡಿತ ಬರುತ್ತಲೇ ಇತ್ತು. ಒಂದೊಂದು ಸಲ ಬಡಿದಾಗಲೂ ಬೋಲ್ಟಿನ ತೂತಿನಿಂದ ಒಂದು ಉಸಿರು ಗಾಳಿ ಮೇಲೆ ಬಂದು ಮೇಣದಬತ್ತಿಯ ಬೆಂಕಿಯನ್ನು ಮಲಗಿಸುತ್ತಿತ್ತು. ಮೂರನೆಯ ಸಲಕ್ಕೆ ಬತ್ತಿ ಆರಿತು.

ಅವಳು ಮತ್ತೆ ಹಚ್ಚಲಿಲ್ಲ. ಮೇಣದಬತ್ತಿಯನ್ನು ಕಿತ್ತು ಪಕ್ಕಕ್ಕಿಟ್ಟು, ಸುಲಿದ ಅಂಗೈಯನ್ನು ಆ ತೂತಿನ ಮೇಲೆ ಒತ್ತಿ ಹಿಡಿದಳು. ಆ ಉಸಿರು ಅಂಗೈಗೆ ತಣ್ಣಗೆ ಒಂದು ಸಲ ತಾಗಿತು. ಅವಳು ಎಣಿಸತೊಡಗಿದಳು.